ಸೊಂಟದ ಕೀಲು ಕೊಳ್ಳುವ ಮುನ್ನ ನಾಲ್ಕು ಮಾತು

ನಾಲ್ಕು ಬದನೆಕಾಯಿ ಕೊಳ್ಳುವಾಗಲೂ ನಾವು ಹೆಣ್ಣುಮಕ್ಕಳು ತೊಟ್ಟು ನೋಡುತ್ತೇವೆ, ಹುಳುಕು ಇದೆಯೇ ಎಂದು ಹೊರಳಿಸಿ ನೋಡುತ್ತೇವೆ. ತೊಗರಿಬೇಳೆಯನ್ನು ಮೂರು ಅಂಗಡಿಯಲ್ಲಿ ಕೇಳಿ ಆಮೇಲೆ ಚೀಲ ಬಿಚ್ಚುತ್ತೇವೆ. ಬಂಗಾರದ ಗುಂಡು ಕೊಂಡರಂತೂ ಹಾಲ್‌ಮಾರ್ಕ್ ಎಲ್ಲಿದೆ, ಕೂಲಿ ಎಷ್ಟು, ಸವಕಳಿ ಎಷ್ಟು ಎಂದು ಅಕ್ಕಸಾಲಿಗನನ್ನು ಸುಸ್ತು ಮಾಡಿಬಿಡುತ್ತೇವೆ. ಆದರೆ ಮನೆಯ ಹಿರಿಯರ ಮೈಯೊಳಗೆ ಸಾಯುವತನಕ ಇರಬೇಕಾದ ಒಂದು ವಸ್ತುವನ್ನು, ಬಂಗಾರದಷ್ಟೇ ಹಣ ಕೊಟ್ಟು ಕೊಳ್ಳುವಾಗ ಮಾತ್ರ ಬಾಯಿ ಬಿಡುವುದಿಲ್ಲ. "ಡಾಕ್ಟರ್ ಏನ್ ಬರದಾರೋ ಅದನ್ನ ಹಾಕ್ರಿ" ಎಂದು ಹೇಳಿ ಕೈ ಮುಗಿದು ಹೊರಗೆ ಕೂರುತ್ತೇವೆ.

ನಾನು ಹೇಳುತ್ತಿರುವುದು ಸೊಂಟದ ಕೀಲಿನ ವಿಷಯ. ಸೋದರಿಯರೇ, ಇದೇನು ಅಡುಗೆ ಪುಟದ ಪಕ್ಕದಲ್ಲಿ ಆಸ್ಪತ್ರೆಯ ಮಾತು ಎಂದು ಹುಬ್ಬೇರಿಸಬೇಡಿ. ಅತ್ತೆಯೋ ತಾಯಿಯೋ ಜಾರಿ ಬಿದ್ದರೆ ಮೊದಲು ಓಡಿ ಬರುವವರು ನಾವು, ಹಾಸಿಗೆ ಹಿಡಿದರೆ ಆರೈಕೆ ಮಾಡುವವರು ನಾವು, ಹಣ ಸಾಲದೆ ಹೋದರೆ ಕೊರಳಿನದನ್ನು ಬಿಚ್ಚಿ ಕೊಡುವವರೂ ನಾವೇ. ಆದ್ದರಿಂದ ಈ ವ್ಯಾಪಾರ ಹೇಗೆ ನಡೆಯುತ್ತದೆ, ಬೆಲೆ ಎಲ್ಲಿಂದ ಹುಟ್ಟುತ್ತದೆ, ಮುಂದೆ ಏನಾಗಬಹುದು ಎಂಬುದನ್ನು ನಾವೇ ತಿಳಿದುಕೊಂಡರೆ ಒಳ್ಳೆಯದಲ್ಲವೇ?

ಬಿದ್ದಾಗ ಮುರಿಯುವುದು ಏನು?

ನಮ್ಮ ತೊಡೆಯ ಮೂಳೆಯ ತುದಿಯಲ್ಲಿ ಒಂದು ಗುಂಡಿದೆ. ಸೊಂಟದ ಮೂಳೆಯಲ್ಲಿ ಅದಕ್ಕೆ ತಕ್ಕ ಒಂದು ಬಟ್ಟಲಿದೆ. ಒರಳಲ್ಲಿ ಗುಂಡುಕಲ್ಲು ತಿರುಗಿದ ಹಾಗೆ ಈ ಗುಂಡು ಬಟ್ಟಲಲ್ಲಿ ತಿರುಗುವುದರಿಂದಲೇ ನಾವು ನಡೆಯುತ್ತೇವೆ, ಕೂರುತ್ತೇವೆ, ಏಳುತ್ತೇವೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಟೊಳ್ಳಾಗುತ್ತದೆ. ಹಾಗಾಗಿ ಬಚ್ಚಲಲ್ಲಿ ಒಮ್ಮೆ ಕಾಲು ಜಾರಿದರೆ ಸಾಕು, ಗುಂಡಿನ ಕೆಳಗಿನ ಕತ್ತು ಮುರಿಯುತ್ತದೆ. ಅಲ್ಲಿ ಮುರಿದರೆ ಗುಂಡಿಗೆ ಹೋಗುವ ರಕ್ತ ನಿಂತು ಅದು ಸತ್ತೇ ಹೋಗುವ ಸಂಭವ ಹೆಚ್ಚು. ಅದಕ್ಕೇ ವಯಸ್ಸಾದವರಿಗೆ ಮುರಿದದ್ದನ್ನು ಜೋಡಿಸುವ ಬದಲು ಗುಂಡನ್ನೇ ತೆಗೆದು ಹೊಸದು ಹಾಕುತ್ತಾರೆ.

ಮುರಿತ ಸ್ವಲ್ಪ ಕೆಳಗೆ ಆಗಿದ್ದರೆ ಮಾತು ಬೇರೆ. ಅಲ್ಲಿ ರಕ್ತ ಚೆನ್ನಾಗಿ ಹರಿಯುವುದರಿಂದ ಮೂಳೆ ಕೂಡಿಕೊಳ್ಳುತ್ತದೆ; ಪಟ್ಟಿ ಮತ್ತು ಸ್ಕ್ರೂ, ಇಲ್ಲವೇ ಮೂಳೆಯ ಒಳಗೆ ಕೂರುವ ಸರಳು ಹಾಕಿ ಬಿಗಿಯುತ್ತಾರೆ. ಇದು ಕೀಲು ಬದಲಿಸುವುದಕ್ಕಿಂತ ಕಡಿಮೆ ಖರ್ಚಿನ ಸಾಮಾನು. ಹೀಗಾಗಿ ಮೊದಲ ಪ್ರಶ್ನೆ "ಎಷ್ಟಾಗುತ್ತೆ ಡಾಕ್ಟರೇ?" ಎಂದಲ್ಲ, "ಮುರಿದಿರುವುದು ಎಲ್ಲಿ, ಜೋಡಿಸುತ್ತೀರೋ ಬದಲಿಸುತ್ತೀರೋ?" ಎಂದು.

ಬಿದ್ದವರಿಗಷ್ಟೇ ಅಲ್ಲ, ಬೀಳದವರಿಗೂ ಈ ಕೀಲು ಬೇಕಾಗುತ್ತದೆ. ಸ್ಟೀರಾಯ್ಡ್ ಮಾತ್ರೆಯನ್ನು ಬಹಳ ದಿನ ನುಂಗಿದವರಿಗೆ, ಕುಡಿತದವರಿಗೆ ಮೂವತ್ತು ನಲವತ್ತರಲ್ಲೇ ಗುಂಡು ಒಣಗಿ ಕುಸಿಯುತ್ತದೆ. ಸಾಗರ ತಾಲೂಕಿನ ಹಂದಿಗೋಡು ಊರಿನ ಹೆಸರನ್ನೇ ಪಡೆದ ಒಂದು ರೋಗವಿದೆ. ಅದು ಬಡ ಕೂಲಿ ಮನೆಗಳಲ್ಲಿ ಸೊಂಟದ ಕೀಲನ್ನೇ ತಿಂದು, ದುಡಿಯುವ ವಯಸ್ಸಿನವರನ್ನು ಕೋಲು ಹಿಡಿಸಿತು. ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಮೈಕೈ ಬಿಗಿದುಕೊಂಡ ಮುದುಕರು ಯಾವ ಹಳ್ಳಿಯಲ್ಲಿಲ್ಲ ಹೇಳಿ?

ದಂತದಿಂದ ಪ್ಲಾಸ್ಟಿಕ್‌ವರೆಗೆ

ಕೃತಕ ಕೀಲಿನ ಕಥೆ ಕೇಳುವಂತಿದೆ. 1891ರಲ್ಲಿ ಬರ್ಲಿನ್ನಿನ ಗ್ಲುಕ್ ಎಂಬ ವೈದ್ಯರು ಆನೆಯ ದಂತದಲ್ಲಿ ಗುಂಡು ಮಾಡಿ ಹಾಕಿದರಂತೆ. ನಮ್ಮ ನೆರೆಯ ಬರ್ಮಾ ದೇಶದಲ್ಲಿ ಸ್ಯಾನ್ ಬಾ ಎಂಬ ವೈದ್ಯರು 1960ರಲ್ಲಿ 83 ವರ್ಷದ ಒಬ್ಬ ಬೌದ್ಧ ಸನ್ಯಾಸಿನಿಗೆ ದಂತದ ಕೀಲು ಹಾಕಿ ನಡೆಸಿದರು. ಆ ಮೇಲೆ ಅಂಥವನ್ನು ಮುನ್ನೂರಕ್ಕೂ ಹೆಚ್ಚು ಜನರಿಗೆ ಹಾಕಿದರು. ಅಮೆರಿಕದ ಆಸ್ಟಿನ್ ಮೂರ್ ಎಂಬುವರು ಲೋಹದ ಒಂದೇ ತುಂಡಿನ ಕೀಲು ಮಾಡಿದರು. ಅವರ ಹೆಸರಿನ ಆ ಕೀಲು ಬಡವರ ಕೀಲು ಎಂದೇ ನಮ್ಮ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ದಶಕಗಟ್ಟಲೆ ನಡೆದಿದೆ.

ಈಗಿನ ಪೂರ್ತಿ ಕೀಲಿಗೆ ದಾರಿ ಹಾಕಿಕೊಟ್ಟವರು ಇಂಗ್ಲೆಂಡಿನ ಜಾನ್ ಚಾರ್ನ್ಲೆ. ಅವರು ಮೊದಲು ಟೆಫ್ಲಾನ್ ಬಟ್ಟಲು ಹಾಕಿದರು. ಹೌದು, ನಮ್ಮ ದೋಸೆ ತವೆಗೆ ಬಳಿಯುವ ಅದೇ ಟೆಫ್ಲಾನ್! ಕೆಲವೇ ವರ್ಷದಲ್ಲಿ ಅದು ಸವೆದು ಪುಡಿಯಾಗಿ ಒಳಗೆ ಕೀವಿನಂತೆ ಕೂತಿತು. ಧೃತಿಗೆಡದ ಆ ಮಹಾಶಯರು ಹೊಸ ಪ್ಲಾಸ್ಟಿಕ್‌ನ ಪುಡಿಯನ್ನು ಮೊದಲು ತಮ್ಮ ತೊಡೆಗೇ ಚುಚ್ಚಿಕೊಂಡು ಪರೀಕ್ಷಿಸಿದರು. 1962ರಿಂದ ಪಾಲಿಥೀನ್ ಜಾತಿಯ ಗಟ್ಟಿ ಬಟ್ಟಲು, ಅದರೊಳಗೆ ಲೋಹದ ಗುಂಡು, ಎರಡನ್ನೂ ಹಲ್ಲಿನ ವೈದ್ಯರು ಬಳಸುವಂಥ ಸಿಮೆಂಟಿನಿಂದ ಕೂರಿಸುವ ಪದ್ಧತಿ ನೆಲೆಗೊಂಡಿತು. ಇಂದಿಗೂ ಮೂಲ ಅದೇ.

ಪೂರ್ತಿ ಕೀಲಿನಲ್ಲಿ ಸಾಮಾನ್ಯವಾಗಿ ನಾಲ್ಕು ಸಾಮಾನು ಇರುತ್ತವೆ. ಸೊಂಟದ ಮೂಳೆಗೆ ಕೂರುವ ಲೋಹದ ಬಟ್ಟಲು, ಅದರೊಳಗಿನ ಪ್ಲಾಸ್ಟಿಕ್ ಅಥವಾ ಪಿಂಗಾಣಿಯ ಒಳಪದರ, ತಿರುಗುವ ಗುಂಡು, ತೊಡೆಮೂಳೆಯೊಳಗೆ ಇಳಿಯುವ ದಿಂಡು. ಗುಂಡು ಮತ್ತು ದಿಂಡು ಮಾತ್ರ ಬದಲಿಸಿ ಮನುಷ್ಯನ ಸ್ವಂತ ಬಟ್ಟಲನ್ನೇ ಉಳಿಸಿಕೊಂಡರೆ ಅದು ಅರ್ಧ ಕೀಲು. ಅದರಲ್ಲಿ ಒಂದೇ ಗುಂಡಿನದು ಒಂದು ಬಗೆ. ಗುಂಡಿನೊಳಗೆ ಗುಂಡು ಇರುವ ಬೈಪೋಲಾರ್ ಇನ್ನೊಂದು ಬಗೆ. ಬಹಳ ವಯಸ್ಸಾಗಿ, ಮನೆಯೊಳಗೇ ಓಡಾಡುವವರಿಗೆ ಅರ್ಧ ಕೀಲೇ ಸಾಕೆಂದು ಎಷ್ಟೋ ವೈದ್ಯರು ಹೇಳುತ್ತಾರೆ. ಹೊರಗೆ ಚುರುಕಾಗಿ ಓಡಾಡುವವರಿಗೆ, ಬಟ್ಟಲೂ ಸವೆದವರಿಗೆ ಪೂರ್ತಿ ಕೀಲು.

ಒಂದು ಸಮಾಧಾನದ ಮಾತನ್ನೂ ಹೇಳಿಬಿಡುತ್ತೇನೆ. ಬೇರೆ ಬೇರೆ ದೇಶದ ಲೆಕ್ಕಗಳನ್ನು ಕೂಡಿಸಿ 2019ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಪೂರ್ತಿ ಕೀಲುಗಳಲ್ಲಿ ನೂರಕ್ಕೆ ಸುಮಾರು 58 ಕೀಲು 25 ವರ್ಷ ಬಾಳುತ್ತವೆ. ಎಪ್ಪತ್ತೈದು ದಾಟಿದ ಅಜ್ಜಿಗೆ ಇದಕ್ಕಿಂತ ಹೆಚ್ಚು ಬಾಳಿಕೆಯ ಮಾಲು ಏತಕ್ಕೆ ಬೇಕು?

ಬೆಲೆ ಹುಟ್ಟುವುದು ಎಲ್ಲಿ?

ಈಗ ವ್ಯಾಪಾರಕ್ಕೆ ಬರೋಣ. ಸೀರೆ ಅಂಗಡಿಯಂತೆ ಕೀಲಿನ ಅಂಗಡಿ ಎಂದು ಯಾವ ಬಜಾರಿನಲ್ಲೂ ಇಲ್ಲ. ಶಸ್ತ್ರಚಿಕಿತ್ಸೆಯ ಹಿಂದಿನ ದಿನವೋ ಅಂದೇ ಬೆಳಿಗ್ಗೆಯೋ ಡೀಲರನ ಕಡೆಯ ಹುಡುಗ ದೊಡ್ಡ ದೊಡ್ಡ ಪೆಟ್ಟಿಗೆ ಹೊತ್ತು ಆಸ್ಪತ್ರೆಗೆ ಬರುತ್ತಾನೆ. ಒಂದು ರೋಗಿಗೆ ಬೇಕಾದದ್ದು ಒಂದೇ ಕೀಲು. ಆದರೆ ಅಳತೆ ನಿಖರವಾಗಿ ಗೊತ್ತಾಗುವುದು ಹೊಟ್ಟೆ ಕೊಯ್ದ ಮೇಲೆ ಎಂಬಂತೆ, ಇಲ್ಲಿಯೂ ಮೂಳೆ ತೆರೆದ ಮೇಲೆಯೇ. ಬಟ್ಟಲುಗಳು ಎರಡೆರಡು ಮಿಲಿಮೀಟರ್ ಅಂತರದಲ್ಲಿ ಇರುತ್ತವೆ. ಗುಂಡುಗಳಲ್ಲಿ 28, 32, 36 ಮಿಲಿಮೀಟರ್ ಹೆಚ್ಚು ಬಳಕೆಯವು. ದಿಂಡಿನಲ್ಲಿ ಮತ್ತೆ ಹತ್ತಾರು ಅಳತೆ. ಬಳೆಗಾರ ಎಲ್ಲ ಅಳತೆಯ ಬಳೆ ತಂದು ಒಂದು ಡಜನ್ ತೊಡಿಸಿ ಹೋಗುವ ಹಾಗೆ, ಎಲ್ಲವನ್ನೂ ತಂದು, ಸರಿಹೊಂದಿದ್ದನ್ನು ಕೊಟ್ಟು, ಮಿಕ್ಕಿದ್ದನ್ನು ವಾಪಸು ಹೊರುತ್ತಾರೆ. ಹೀಗೆ ತೊಡಗಿಸಿದ ಬಂಡವಾಳ, ಉಪಕರಣದ ಬಾಡಿಗೆ, ಸಾಗಾಟ, ಹುಡುಗನ ಸಂಬಳ, ಹೊರದೇಶದಿಂದ ಬಂದಿದ್ದರೆ ಆಮದಿನ ಸುಂಕ, ನಡುವಿನ ಏಜೆಂಟರ ಲಾಭ, ಆಸ್ಪತ್ರೆಯ ಲಾಭ — ಎಲ್ಲವೂ ಸೇರಿ ಒಂದು ಬೆಲೆ. ಲೋಹದ ಬೆಲೆ ಅದರಲ್ಲಿ ಸಣ್ಣ ಪಾಲು.

ಹೆಸರುವಾಸಿ ಕಂಪನಿಗಳಲ್ಲಿ ಹಲವು ಅಮೆರಿಕದವು. ಅಲ್ಲಿನ ಇಂಡಿಯಾನಾ ರಾಜ್ಯದಲ್ಲಿ ವಾರ್ಸಾ ಎಂಬ ಸಣ್ಣ ಊರಿದೆ. 1895ರಲ್ಲಿ ಡಿಪ್ಯೂ ಎಂಬಾತ ಅಲ್ಲಿ ಮುರಿದ ಕೈಕಾಲಿಗೆ ಕಟ್ಟುವ ಪಟ್ಟಿ ಮಾಡಲು ಕೂತ. 1927ರಲ್ಲಿ ಝಿಮ್ಮರ್ ಎಂಬಾತ ಬೇರೆ ಕಂಪನಿ ತೆಗೆದ. ಇಳಕಲ್ಲಿಗೆ ಸೀರೆ, ಚನ್ನಪಟ್ಟಣಕ್ಕೆ ಗೊಂಬೆ ಹೇಗೋ ಆ ಊರಿಗೆ ಕೀಲು ಹಾಗೆ. ನಮ್ಮ ದೇಶದಲ್ಲಿ ಗುಜರಾತಿನ ವಾಪಿಯ ಮೆರಿಲ್ ಮುಂತಾದ ಕಂಪನಿಗಳು ಪೂರ್ತಿ ಕೀಲನ್ನು ತಯಾರಿಸುತ್ತಿವೆ. ನಮಗೆ ಹತ್ತಿರದ ಹೈದರಾಬಾದಿನ ಸರ್ಕಾರಿ ಕಾರ್ಖಾನೆ ಮಿಧಾನಿಯಲ್ಲಿ ರಾಕೆಟ್ಟಿಗೆ ಬೇಕಾದ ಟೈಟಾನಿಯಂ ಜೊತೆಗೆ ಮೈಯೊಳಗೆ ಹಾಕುವ ಟೈಟಾನಿಯಂ ಕೂಡ ತಯಾರಾಗುತ್ತದೆ.

ಇಂಪೋರ್ಟೆಡ್ ಎಂದರೆ ನಮ್ಮವರಿಗೆ ಒಂದು ಮೋಹ. ಚಿನ್ನದ ಸೂಜಿ ಅಂತ ಕಣ್ಣಿಗೆ ಚುಚ್ಚಿಕೊಳ್ಳಲಿಕ್ಕೆ ಆಗುತ್ತದೆಯೇ? ಹೊರದೇಶದ ಮಾಲು ಕೂಡ ಕೈ ಕೊಟ್ಟದ್ದುಂಟು. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮುಂಚೆ ನಮ್ಮ ಮನೆಯ ಮಾತು ಒಂದಿಷ್ಟು.

ಮೂರು ದರದ ಒಂದು ಚೀಟಿ

ನಮ್ಮ ಅಬ್ಬೆತುಮಕೂರು ವಿಶ್ವಾರಾಧ್ಯರ ಮಠದ ಊರು. ನಮ್ಮತ್ತೆಗೆ ದಿನಾ ಮಠಕ್ಕೆ ಹೋಗಿ ಗದ್ದುಗೆಗೆ ನಮಸ್ಕಾರ ಮಾಡಿ ಬಂದರೇ ಊಟ. ಎಪ್ಪತ್ತೆಂಟು ದಾಟಿದ ಅವರು ಒಂದು ದಿನ ಬಚ್ಚಲ ಕಲ್ಲಿನ ಮೇಲೆ ಜಾರಿದರು. "ಏಳ್ಲಿಕ್ಕೆ ಆಗವಲ್ದವಾ, ಕಾಲು ನಂದಲ್ಲ ಅನ್ನಂಗ ಆಗ್ಯಾದ" ಎಂದರು. ಯಾದಗಿರಿಯಲ್ಲಿ ಎಕ್ಸ್‌ರೇ ತೆಗೆಸಿ, ಅಲ್ಲಿಂದ ದೊಡ್ಡ ಊರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿ ನಮ್ಮ ಕೈಗೆ ಒಂದು ಚೀಟಿ ಬಂತು. ಮೂರು ದರ. ಮೇಲಿನದಕ್ಕೂ ಕೆಳಗಿನದಕ್ಕೂ ಎರಡು ಎಮ್ಮೆಯಷ್ಟು ವ್ಯತ್ಯಾಸ. ಯಾವುದಕ್ಕೆ ಏನು ಎಂದು ಬರೆದಿರಲಿಲ್ಲ. ಆರ್ಡಿನರಿ, ಗುಡ್, ಬೆಸ್ಟ್ ಎಂದಷ್ಟೇ. ಚೀಟಿ ತಂದ ಹುಡುಗ, "ತಾಯಿಗೆ ಆರ್ಡಿನರಿ ಹಾಕಿಸ್ತೀರೇನ್ರಿ?" ಎಂದ. ಈ ಒಂದು ಮಾತಿಗೆ ಯಾವ ಮಗ ತಾನೇ ಕರಗುವುದಿಲ್ಲ? ನಮ್ಮ ಯಜಮಾನರು ಹೊಲದ ಪಹಣಿಯ ಮಾತೆತ್ತಿದರು.

ನಾನು ಚೀಟಿ ಹಿಡಿದು ನೇರ ಡಾಕ್ಟರ ಬಳಿಗೇ ಹೋಗಿ, "ನಿಮ್ಮ ತಾಯಿಗೆ ಹೀಗಾಗಿದ್ದರೆ ಯಾವುದು ಹಾಕುತ್ತಿದ್ರಿ ಸಾಹೇಬ್ರೇ?" ಎಂದು ಕೇಳಿದೆ. ಅವರು ಕುರ್ಚಿ ಎಳೆದು ಕೂರಿಸಿ, ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದರು. ಮೇಲಿನ ದರದ್ದು ಪಿಂಗಾಣಿ ಗುಂಡಿನ ಪೂರ್ತಿ ಕೀಲು, ಬಹಳ ವರ್ಷ ಬದುಕಬೇಕಾದ ಚಿಕ್ಕವರಿಗೆ ಅದರಿಂದ ಪ್ರಯೋಜನ. ಅವ್ವನವರ ಬಟ್ಟಲು ಚೆನ್ನಾಗಿದೆ, ಮೂಳೆ ಮೆತ್ತಗಿದೆ, ಸಿಮೆಂಟು ಹಾಕಿ ಕೂರಿಸುವ ಬೈಪೋಲಾರ್ ಸಾಕು ಎಂದರು. ಅದು ಕೆಳಗಿನ ದರ. ಅತ್ತೆಯನ್ನೂ ಕೇಳಿದೆವು. "ನನಗೇನು ಓಡೋ ಪಂದ್ಯಕ್ಕ ಹೋಗೋದದ? ಮಠದ ಮಟ ನಡದ್ರ ಸಾಕು. ಹೊಲಾ ಮುಟ್ಟಬ್ಯಾಡ್ರಿ" ಎಂದರು.

ಕೊನೆಗೆ ಬಿಲ್ಲು ಬಂದಾಗ ಅದರಲ್ಲಿ ಕೀಲಿಗೆ ಸಂಬಂಧಿಸಿ ಇದ್ದದ್ದು ಒಂದೇ ಸಾಲು: ಇಂಪ್ಲಾಂಟ್. ಕಂಪನಿ ಯಾವುದು, ಅಳತೆ ಎಷ್ಟು, ಏನೂ ಇಲ್ಲ. ಡಬ್ಬಿಯ ಸ್ಟಿಕ್ಕರು ಬೇಕು ಎಂದೆ. "ಅದೆಲ್ಲಾ ಯಾರೂ ಕೇಳಲ್ಲಮ್ಮಾ" ಎಂದರು. ಕೊಡುವತನಕ ಬಿಲ್ ಕೌಂಟರಿನ ಮುಂದೆಯೇ ಕೂತೆ. ಸಂಜೆಯ ಹೊತ್ತಿಗೆ ಕೊಟ್ಟರು. ಈಗ ಅದು ಮನೆಯ ಪತ್ರಗಳ ಜೊತೆ ಪೆಟ್ಟಿಗೆಯಲ್ಲಿದೆ.

ಅಷ್ಟು ಹಟ ಏಕೆ ಎಂದಿರಾ? ಕೇಳಿ.

ಒಂದು ಕಂಪನಿಯ ಕೀಲು ಕೈ ಕೊಟ್ಟಾಗ

ಜಾನ್ಸನ್ ಅಂಡ್ ಜಾನ್ಸನ್ ಎಂದರೆ ನಮಗೆ ಮಗುವಿನ ಪೌಡರು ನೆನಪಿಗೆ ಬರುತ್ತದೆ. ಅದೇ ಮನೆತನಕ್ಕೆ ಸೇರಿದ ಡಿಪ್ಯೂ ಕಂಪನಿ ಎಎಸ್ಆರ್ ಎಂಬ ಸೊಂಟದ ಕೀಲು ಮಾರುತ್ತಿತ್ತು. ಅದರಲ್ಲಿ ಲೋಹದ ಬಟ್ಟಲಿಗೆ ಲೋಹದ ಗುಂಡೇ ಉಜ್ಜುತ್ತಿತ್ತು. ಉಜ್ಜಿ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಎಂಬ ಲೋಹದ ಕಣಗಳು ರಕ್ತಕ್ಕೆ ಸೇರಿದವು, ಕೀಲಿನ ಸುತ್ತಲ ಮಾಂಸ ಹಾಳಾಯಿತು. ಐದೇ ವರ್ಷದಲ್ಲಿ ನೂರರಲ್ಲಿ ಹನ್ನೆರಡು ಹದಿಮೂರು ಜನರಿಗೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಆಸ್ಟ್ರೇಲಿಯಾದ ಮಾರುಕಟ್ಟೆಯಿಂದ 2009ರ ಕೊನೆಗೆ ಅದು ಹೊರಬಿತ್ತು. 2010ರ ಆಗಸ್ಟಿನಲ್ಲಿ ಕಂಪನಿ ಲೋಕದ ಎಲ್ಲ ಕಡೆಯಿಂದ ಹಿಂದಕ್ಕೆ ಪಡೆಯಿತು.

ನಮ್ಮ ದೇಶದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಆ ಕೀಲು ಹಾಕಲಾಗಿತ್ತು. ಕೇಂದ್ರ ಸರ್ಕಾರದ ತಜ್ಞರ ಸಮಿತಿ 2018ರಲ್ಲಿ ವರದಿ ಕೊಟ್ಟಾಗ, ಇವರಲ್ಲಿ 3,600ಕ್ಕೂ ಹೆಚ್ಚು ಮಂದಿ ಎಲ್ಲಿದ್ದಾರೆ ಎಂಬುದೇ ಪತ್ತೆಯಿಲ್ಲವೆಂದು ತಿಳಿದುಬಂತು. ಅದೇ ವರ್ಷದ ಕೊನೆಗೆ ತೊಂದರೆಯಾದವರಿಗೆ 30 ಲಕ್ಷದಿಂದ 1.23 ಕೋಟಿ ರೂಪಾಯಿಯವರೆಗೆ ಪರಿಹಾರ ಕೊಡುವ ಲೆಕ್ಕಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದು ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಆದರೆ ನನ್ನ ಮೈಯಲ್ಲಿ ಇರುವುದು ಆ ಕೀಲೇ ಎಂದು ತೋರಿಸಲು ಕಾಗದವೇ ಇಲ್ಲದವಳು ಏನನ್ನು ಕೇಳಿಯಾಳು? ಯಾರನ್ನು ಕೇಳಿಯಾಳು?

ಆಸ್ಟ್ರೇಲಿಯಾದವರಿಗೆ ಬೇಗ ಗೊತ್ತಾದದ್ದು ಹೇಗೆಂದರೆ, ಅಲ್ಲಿ ಹಾಕಿದ ಪ್ರತಿ ಕೀಲನ್ನೂ ಬರೆದಿಡುವ ದೇಶದ ದಫ್ತರವಿದೆ. ಸ್ವೀಡನ್ನಿನವರು ಸೊಂಟದ ಕೀಲಿನ ದಫ್ತರವನ್ನು 1979ರಲ್ಲೇ ಶುರುಮಾಡಿದ್ದರು. ಯಾವ ಕೀಲು ಎಷ್ಟು ವರ್ಷ ಬಾಳಿತು, ಯಾವುದು ಬೇಗ ಸಡಿಲಾಯಿತು ಎಂಬುದು ಅದರಿಂದ ಬೆಳಕಿಗೆ ಬರುತ್ತದೆ. ನಮ್ಮಲ್ಲಿ ಕೀಲು ಶಸ್ತ್ರವೈದ್ಯರ ಸಂಘ ಇಂಥ ದಫ್ತರ ಇಟ್ಟಿದೆಯಾದರೂ ಅದರಲ್ಲಿ ಬರೆಸುವುದು ವೈದ್ಯರ ಇಚ್ಛೆಗೆ ಬಿಟ್ಟದ್ದು. ಆದ್ದರಿಂದ ನಮ್ಮ ದಫ್ತರ ನಮ್ಮ ಪೆಟ್ಟಿಗೆಯಲ್ಲೇ ಇರಬೇಕು ಅಮ್ಮಾ.

ಸರ್ಕಾರದ ಹಿಡಿತ ಎಲ್ಲಿಯವರೆಗೆ?

ಮೈಯೊಳಗೆ ಹಾಕುವ ಮೂಳೆಯ ಸಾಮಾನುಗಳನ್ನು 2005ರಲ್ಲೇ ಔಷಧಿಯ ಕಾಯಿದೆಯ ಕೆಳಗೆ ತಂದರು. 2017ರ ವೈದ್ಯಕೀಯ ಸಾಧನಗಳ ನಿಯಮಗಳು 2018ರ ಜನವರಿ 1ರಿಂದ ಜಾರಿಯಾದವು. ಸೊಂಟದ ಕೀಲಿನಂಥವಕ್ಕೆ ತಯಾರಿಕೆಯ ಲೈಸೆನ್ಸಾಗಲಿ ಆಮದಿನ ಲೈಸೆನ್ಸಾಗಲಿ ಕೊಡುವುದು ದೆಹಲಿಯ ಕೇಂದ್ರ ಔಷಧ ಅಧಿಕಾರಿಗಳು. ಡಬ್ಬಿಯ ಮೇಲೆ ಆ ಲೈಸೆನ್ಸ್ ನಂಬರು, ಲಾಟ್ ನಂಬರು, ವಾಯಿದೆ ತೀರುವ ತಾರೀಕು, ಗರಿಷ್ಠ ಬೆಲೆ ಇರಲೇಬೇಕು.

ಬೆಲೆಯ ವಿಷಯ ಸ್ವಲ್ಪ ಸೂಕ್ಷ್ಮ. 2017ರ ಆಗಸ್ಟಿನಲ್ಲಿ ಔಷಧಿ ಬೆಲೆ ಪ್ರಾಧಿಕಾರವು ಮಂಡಿಯ ಕೀಲಿಗೆ ಮಿತಿ ಹಾಕಿತು. ಅದಕ್ಕೆ ಮುಂಚೆ ಸರಾಸರಿ 1,58,324 ರೂಪಾಯಿ ಎಂದು ಅಚ್ಚಾಗುತ್ತಿದ್ದ ಮಾಮೂಲಿ ಮಂಡಿ ಕೀಲು ಒಂದೇ ಏಟಿಗೆ 54,720 ರೂಪಾಯಿಗೆ ಇಳಿಯಿತು. ತೆರಿಗೆ ಬೇರೆ. ಮಂಡಿಯ ಲಾಭದಲ್ಲಿ ಎಷ್ಟು ಗಾಳಿ ತುಂಬಿತ್ತು ಎಂದು ಇದರಿಂದಲೇ ಊಹಿಸಬಹುದು. ಆದರೆ ಆ ಆಜ್ಞೆ ಮಂಡಿಗೆ ಮಾತ್ರ. ಸೊಂಟ ಅದರಲ್ಲಿ ಸೇರಲಿಲ್ಲ. ಸೊಂಟದ ಕೀಲಿಗೆ ಇರುವ ಕಟ್ಟು ಇಷ್ಟೇ: ಅಚ್ಚು ಹಾಕಿದ ಗರಿಷ್ಠ ಬೆಲೆಯನ್ನು ಒಂದು ವರ್ಷದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಮೊದಲೇ ಎತ್ತರದಲ್ಲಿ ಅಚ್ಚು ಹಾಕಿದರೆ? ಅದಕ್ಕೆ ಕಟ್ಟಿಲ್ಲ. ಇದೇ ಪ್ರಾಧಿಕಾರ 2018ರಲ್ಲಿ ದೆಹಲಿ ಸುತ್ತಲ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲು ನೋಡಿದಾಗ, ಔಷಧಿ ಮತ್ತು ಸಾಮಾನುಗಳ ಮೇಲೆ ನೂರಕ್ಕೆ 1,737ರವರೆಗೆ ಲಾಭ ಇಟ್ಟದ್ದು ಕಂಡಿತ್ತು. ಹೀಗಾಗಿ ಅಚ್ಚಿನ ಬೆಲೆಯೇ ಕೊನೆಯ ಮಾತು ಎಂದು ತಿಳಿಯಬೇಡಿ. ಚೌಕಾಶಿಗೆ ಜಾಗವಿದೆ. ಕೇಳಿದವರಿಗೆ ಇಳಿಯುತ್ತದೆ, ಕೇಳದವರಿಗೆ ಇಳಿಯುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದವರು ಮೊದಲು ಸರ್ಕಾರಿ ಆಸ್ಪತ್ರೆಯ ಬಾಗಿಲು ತಟ್ಟಬೇಕು. ಸರ್ಕಾರಿ ಆಸ್ಪತ್ರೆಗಳು ಕೀಲುಗಳನ್ನು ಟೆಂಡರ್ ಕರೆದು ಒಟ್ಟಾಗಿ ಕೊಳ್ಳುವುದರಿಂದ ದರ ಬಹಳ ಕೆಳಗಿರುತ್ತದೆ. ಹತ್ತು ಮನೆ ಕೂಡಿ ಗಾಡಿ ಜೋಳ ಕೊಂಡರೆ ಅಗ್ಗ ಬೀಳುವುದಿಲ್ಲವೇ, ಹಾಗೆ. ಯಾದಗಿರಿಯಲ್ಲಿ ಈಗ ವೈದ್ಯಕೀಯ ಕಾಲೇಜು ಆಗಿದೆ. ಕಲಬುರಗಿಯಲ್ಲಿ ಜಿಮ್ಸ್, ರಾಯಚೂರಿನಲ್ಲಿ ರಿಮ್ಸ್ ಇವೆ. ಬೆಂಗಳೂರಿನಲ್ಲಿ ಮೂಳೆಗೆಂದೇ ಸಂಜಯ ಗಾಂಧಿ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಉಳಿದವರಿಗೆ ಯೋಜನೆಯ ದರದಲ್ಲಿ ನೂರಕ್ಕೆ 30 ಭಾಗ, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕಾಗುತ್ತದೆ. ಆದ್ದರಿಂದ ಖಾಸಗಿ ಆಸ್ಪತ್ರೆಯಲ್ಲಿ ಮುಂಗಡ ಕಟ್ಟುವುದಕ್ಕೆ ಮೊದಲೇ, ರೇಷನ್ ಕಾರ್ಡು, ಆಧಾರ್ ಕಾರ್ಡು ಹಿಡಿದು ಆರೋಗ್ಯ ಮಿತ್ರರನ್ನು ಕಂಡು, "ನಮ್ಮ ಚಿಕಿತ್ಸೆ ಯೋಜನೆಯಲ್ಲಿ ಬರುತ್ತದೆಯೇ? ಕೀಲಿನ ಹಣ ಅದರಲ್ಲೇ ಸೇರಿದೆಯೇ?" ಎಂದು ಕೇಳಿ. ಎರಡನೆಯ ಪ್ರಶ್ನೆಯನ್ನು ಮರೆಯಬೇಡಿ.

ಸ್ವಂತ ಹಣದಲ್ಲೇ ಕೊಳ್ಳುವವರು ಅಮೃತ್ ಔಷಧಿ ಅಂಗಡಿಯ ದರವನ್ನೂ ವಿಚಾರಿಸಬಹುದು. 2015ರಲ್ಲಿ ದೆಹಲಿಯಲ್ಲಿ ಶುರುವಾದ ಈ ಅಂಗಡಿಗಳನ್ನು ನಡೆಸುವುದು ಕೇಂದ್ರ ಸರ್ಕಾರದ ಎಚ್ಎಲ್ಎಲ್ ಕಂಪನಿ. ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ ಕಾರ್ಖಾನೆ ಇರುವ ಅದೇ ಕಂಪನಿ. ಔಷಧಿಗಳ ಜೊತೆ ಮೈಯೊಳಗೆ ಹಾಕುವ ಸಾಮಾನುಗಳನ್ನೂ ಇವು ರಿಯಾಯಿತಿಯಲ್ಲಿ ಕೊಡುತ್ತವೆ.

ಮುಂದಿನ ದಿನಗಳಲ್ಲಿ ಹೇಗೆ?

ಬೇಡಿಕೆ ಏರುವುದಂತೂ ಖಂಡಿತ. 2050ರ ಹೊತ್ತಿಗೆ ದೇಶದ ಐವರಲ್ಲಿ ಒಬ್ಬರು ಅರವತ್ತು ದಾಟಿದವರಾಗುತ್ತಾರೆ ಎಂದು 2023ರ ಒಂದು ವರದಿ ಹೇಳಿದೆ. ಅವರಲ್ಲಿ ಹೆಂಗಸರೇ ಹೆಚ್ಚು, ಅದರಲ್ಲೂ ವಿಧವೆಯರು. ಮೊದಲು ಮುದುಕಿ ಬಿದ್ದರೆ "ಇನ್ನೇನು, ಹಾಸಿಗೆಯೇ ಗತಿ" ಎನ್ನುತ್ತಿದ್ದ ಮನೆಗಳು ಈಗ ಆಪರೇಷನ್ ಮಾಡಿಸುತ್ತಿವೆ. ಇದು ಒಳ್ಳೆಯದೇ.

ಬೆಲೆ ಇಳಿಯಲು ಕೆಲವು ಕಾರಣಗಳಿವೆ. ಕೃತಕ ಅಂಗಗಳ ಮೇಲಿನ ಜಿಎಸ್‌ಟಿಯನ್ನು 2022ರ ಜುಲೈಯಲ್ಲಿ ನೂರಕ್ಕೆ 12ರಿಂದ 5ಕ್ಕೆ ಇಳಿಸಿದರು. ಮೈಯೊಳಗೆ ಹಾಕುವವೂ ಸೇರಿದಂತೆ ವೈದ್ಯಕೀಯ ಸಾಧನಗಳನ್ನು ಇಲ್ಲೇ ತಯಾರಿಸುವವರಿಗೆ ಪ್ರೋತ್ಸಾಹಧನ ಕೊಡಲು 2020ರಲ್ಲಿ 3,420 ಕೋಟಿ ರೂಪಾಯಿಯ ಯೋಜನೆ ಹಾಕಿದರು. 2023ರಲ್ಲಿ ವೈದ್ಯಕೀಯ ಸಾಧನಗಳ ರಾಷ್ಟ್ರೀಯ ನೀತಿಯೂ ಬಂತು. ಇಲ್ಲಿಯ ಕಾರ್ಖಾನೆಗಳು ಹೆಚ್ಚಿದಂತೆ ಹೊರದೇಶದವರೂ ದರ ತಗ್ಗಿಸಲೇಬೇಕಾಗುತ್ತದೆ. ಇನ್ನೊಂದು ಲಾಭವೂ ಉಂಟು. ನಮ್ಮ ಹೆಂಗಸರ ಮೂಳೆ ಸಣ್ಣದು. ನಮ್ಮ ಮೈಕಟ್ಟಿಗೆ, ನೆಲದ ಮೇಲೆ ಕೂತೇಳುವ ನಮ್ಮ ಬಾಳಿಗೆ ಹೊಂದುವ ಅಳತೆಗಳನ್ನು ಇಲ್ಲಿಯವರೇ ಯೋಚಿಸಬೇಕು.

ಬೆಲೆ ಏರಲೂ ಕಾರಣಗಳಿವೆ. ದಿಂಡು ಹಳೆಯದೇ ಆದರೂ ಮೇಲೊಂದು ಹೊಸ ಲೇಪನ, ಹೊಸ ಹೆಸರು, ರೋಬೋಟಿನ ಕೈ ಎಂದು ದರ ಮೇಲೇರುತ್ತದೆ. ಕೆಲವಕ್ಕೆ ಪ್ರಯೋಜನವಿದೆ, ಇಲ್ಲವೆನ್ನುವುದಿಲ್ಲ. ಪ್ಲಾಸ್ಟಿಕ್ ಒಳಪದರವನ್ನು ಗಟ್ಟಿಗೊಳಿಸಿದ ಸುಧಾರಣೆಯಿಂದ ಸವೆತ ನಿಜವಾಗಿಯೂ ಬಹಳ ಕಡಿಮೆಯಾಗಿದೆ. ಆದರೆ ಹೊಸದೆಲ್ಲ ಒಳ್ಳೆಯದಲ್ಲ ಎಂಬುದಕ್ಕೆ ಲೋಹಕ್ಕೆ ಲೋಹ ಉಜ್ಜಿದ ಕಥೆಯೇ ಸಾಕ್ಷಿ. ಅದೂ ಬಂದಾಗ ಹೊಸದೇ ಆಗಿತ್ತು. ಹತ್ತು ಹದಿನೈದು ವರ್ಷ ಬಾಳಿ ತೋರಿಸಿದ ಮಾಲು ವಾಸಿ.

ಮಂಡಿಗೆ ಬಂದಂತೆ ಸೊಂಟಕ್ಕೂ ಬೆಲೆಯ ಮಿತಿ ಬರಬೇಕೆಂದು ನನ್ನಂಥವಳ ಆಸೆ. ಮಂಡಿ ನೋವಿದ್ದವರು ಆರು ತಿಂಗಳು ತಾಳಿಯಾರು. ಸೊಂಟ ಮುರಿದವರು ತಾಳುವಂತಿಲ್ಲ. ಎರಡು ದಿನದೊಳಗೆ ಶಸ್ತ್ರಚಿಕಿತ್ಸೆ ಆದರೆ ಒಳ್ಳೆಯದು ಎನ್ನುತ್ತಾರೆ. ತಡವಾದಷ್ಟೂ ಬೆನ್ನುಹುಣ್ಣು, ನ್ಯುಮೋನಿಯಾ ಕಾಯುತ್ತಿರುತ್ತವೆ. ಅವಸರದಲ್ಲಿ ಕೊಳ್ಳುವವರಿಗೇ ಅಲ್ಲವೇ ಕಾಯಿದೆಯ ಆಸರೆ ಹೆಚ್ಚು ಬೇಕಾದದ್ದು?

ಬರೆದಿಟ್ಟುಕೊಳ್ಳಿ

ಈ ಪ್ರಶ್ನೆಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಬೇಕಾಗದಿರಲಿ ದೇವರೇ, ಬೇಕಾದರೆ ಇರಲಿ.

1. ಮೂಳೆ ಜೋಡಿಸುವುದೋ, ಅರ್ಧ ಕೀಲೋ, ಪೂರ್ತಿ ಕೀಲೋ? ಏಕೆ?

2. ಸಿಮೆಂಟು ಹಾಕುತ್ತೀರೋ ಇಲ್ಲವೋ? ಸಿಮೆಂಟಿನ ದರ ಬೇರೆಯೋ?

3. ಗುಂಡು ಯಾವುದರದು, ಒಳಪದರ ಯಾವುದರದು? ಕಂಪನಿ ಯಾವುದು? ಎಷ್ಟು ವರ್ಷದಿಂದ ಈ ಮಾದರಿ ಹಾಕುತ್ತಿದ್ದೀರಿ?

4. ನಾಲ್ಕೂ ಸಾಮಾನು ಒಂದೇ ಕಂಪನಿಯವೇ? ಒಬ್ಬರ ದಿಂಡಿಗೆ ಇನ್ನೊಬ್ಬರ ಗುಂಡು ಸಿಕ್ಕಿಸುವುದು ತರವಲ್ಲ. ಒರಳಿಗೆ ತಕ್ಕ ಒನಕೆಯೇ ಬೇಕು.

5. ಹೇಳಿದ ದರದಲ್ಲಿ ಏನೇನು ಸೇರಿದೆ? ಬರೆದು ಕೊಡಿ.

6. ಡಬ್ಬಿಯ ಸ್ಟಿಕ್ಕರುಗಳ ಒಂದು ಪ್ರತಿ ನಮಗೆ ಕೊಡಿ. ಬಿಲ್ಲಿನಲ್ಲಿ ಹೆಸರು, ಲಾಟ್ ನಂಬರು ಬರೆಯಿರಿ.

ಹಾಕಿಸಿಕೊಂಡ ಮೇಲೆ ವರ್ಷಗಟ್ಟಲೆ ಬಿಟ್ಟು ಮತ್ತೆ ತೊಡೆಸಂದಿಯಲ್ಲಿ ನೋವು, ಊತ, ಕುಂಟು ಬಂದರೆ "ವಯಸ್ಸಾತು" ಎಂದು ಸುಮ್ಮನಾಗದೆ ಎಕ್ಸ್‌ರೇ ತೆಗೆಸಿ. ಸಾಧನದಿಂದಲೇ ತೊಂದರೆ ಎಂದು ಅನುಮಾನ ಬಂದರೆ ತಿಳಿಸಲು 2015ರಿಂದ ಸರ್ಕಾರದ ಒಂದು ವ್ಯವಸ್ಥೆ ಇದೆ. 1800-180-3024ಕ್ಕೆ ದುಡ್ಡಿಲ್ಲದೆ ಫೋನು ಮಾಡಬಹುದು.

ಕೊಳ್ಳುವ ಪ್ರಸಂಗವೇ ಬಾರದಿರಲಿ

ಎಲ್ಲಕ್ಕಿಂತ ಅಗ್ಗದ ಕೀಲು ದೇವರು ಕೊಟ್ಟದ್ದೇ. ಅದನ್ನು ಕಾಪಾಡುವ ಉಪಾಯ ನಮ್ಮ ಅಡುಗೆಮನೆ, ಬಚ್ಚಲಮನೆಯಲ್ಲೇ ಇದೆ. ಬಚ್ಚಲ ಕಲ್ಲಿನ ಪಾಚಿಯನ್ನು ವಾರಕ್ಕೊಮ್ಮೆ ತಿಕ್ಕಿ ತೆಗೆಯಿರಿ. ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಹಿಡಿ ಹಾಕಿಸಿ. ಬೆಲೆ ಕೆಲವೇ ನೂರು ರೂಪಾಯಿ. ರಾತ್ರಿ ಹಿರಿಯರು ಏಳುವ ದಾರಿಯಲ್ಲಿ ಸಣ್ಣ ದೀಪ ಇರಲಿ, ಗೋಣಿತಟ್ಟು ಬೇಡ, ಸವೆದ ಹವಾಯಿ ಚಪ್ಪಲಿ ಬೇಡ. ಕಣ್ಣಿನ ಪೊರೆ ತೆಗೆಸಿ. ನಿದ್ದೆ ಮಾತ್ರೆ, ಬಿಪಿ ಮಾತ್ರೆಯಿಂದ ತಲೆ ತಿರುಗುವುದಾದರೆ ವೈದ್ಯರಿಗೆ ಹೇಳಿ.

ಊಟದಲ್ಲಿ ಎಳ್ಳು, ರಾಗಿ, ನುಗ್ಗೆಸೊಪ್ಪು, ಮಜ್ಜಿಗೆ ಇರಲಿ. ಬೆಳಗಿನ ಬಿಸಿಲಿಗೆ ಅರ್ಧ ಗಂಟೆ ಕೂರಿಸಿ. ಹಲ್ಲಿಲ್ಲದ ಹಿರಿಯರಿಗೆ ನಾನು ಮಾಡುವ ಎಳ್ಳಿನ ಹಿಂಡಿ ಹೇಳುತ್ತೇನೆ. ಕರಿ ಎಳ್ಳು ಒಂದು ಬಟ್ಟಲು, ಹುರಿದ ಶೇಂಗಾ ಅರ್ಧ ಬಟ್ಟಲು, ಒಣಗಿಸಿದ ನುಗ್ಗೆಸೊಪ್ಪು ಒಂದು ಹಿಡಿ, ಜೀರಿಗೆ ಒಂದು ಚಮಚ, ಬೆಳ್ಳುಳ್ಳಿ ಐದಾರು ಎಸಳು, ಖಾರದ ಪುಡಿ ಮತ್ತು ಉಪ್ಪು ರುಚಿಗೆ. ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವತನಕ ಹುರಿದು, ಆರಿದ ಮೇಲೆ ಎಲ್ಲವನ್ನೂ ಸೇರಿಸಿ ನುಣ್ಣಗೆ ಕುಟ್ಟಿ. ಮೊಸರಲ್ಲಿ ಕಲಸಿ, ಮೆತ್ತನೆಯ ಬಿಸಿ ಜೋಳದ ರೊಟ್ಟಿಯ ಜೊತೆ ಕೊಡಿ. ಹದಿನೈದು ದಿನ ಕೆಡುವುದಿಲ್ಲ.

ಅತ್ತೆಗೆ ಕೊಡುವಾಗ ನೀವೂ ಒಂದು ಚಮಚ ಹಾಕಿಕೊಳ್ಳಿ. ನಲವತ್ತು ದಾಟಿದ ನಮ್ಮ ಮೂಳೆಯೂ ಟೊಳ್ಳಾಗಲು ಹೆಚ್ಚು ದಿನವಿಲ್ಲ. ಸ್ಟಿಕ್ಕರು ಕೇಳಲು ನಮಗೆ ಎಂಥ ಸೊಸೆ ಸಿಗುತ್ತಾಳೋ ಯಾರು ಬಲ್ಲರು!